ಬಂಗುಡೆ ಮಾಂಸದಿಂದ ಪ್ರೊಟೀನ್ ತೆಗೆಯುವ ಐದು ವಿಧಾನಗಳು: ಮಾಡುವುದು ಹೇಗೆ, ಹೋಲಿಸುವುದು ಹೇಗೆ

ಮೀನಿನ ಪ್ರೊಟೀನ್ ಮೇಲೆ ಪ್ರಾಜೆಕ್ಟ್ ಶುರು ಮಾಡಿದವರು ಮೊದಲು ಕೇಳುವುದು ಇದನ್ನೇ: "ಯಾವ ಬಫರ್‌ನಲ್ಲಿ ಜಾಸ್ತಿ ಪ್ರೊಟೀನ್ ಬರುತ್ತೆ?" (ಬಫರ್ ಅಂದರೆ ಪಿಎಚ್ ಅನ್ನು ಸ್ಥಿರವಾಗಿ ಇಡುವ ದ್ರಾವಣ.) ಇದಕ್ಕೆ ಉತ್ತರ ಸುಲಭ. 5% ಎಸ್‌ಡಿಎಸ್ (ಪ್ರೊಟೀನ್ ಬಿಚ್ಚಿ ಕರಗಿಸುವ ಡಿಟರ್ಜೆಂಟ್) ಹಾಕಿ 85 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿದರೆ ಹೆಚ್ಚುಕಡಿಮೆ ಎಲ್ಲವೂ ಕರಗುತ್ತದೆ. ಆದರೆ ನಿಮಗೆ ಬೇಕಿದ್ದದ್ದು ಕಿಣ್ವದ ಚಟುವಟಿಕೆ ಆಗಿದ್ದರೆ? ಆ ಟ್ಯೂಬಿನಲ್ಲಿ ಕೆಲಸ ಮಾಡುವ ಕಿಣ್ವ ಉಳಿದಿರುವುದಿಲ್ಲ. ಫ್ರೀಜರ್‌ನಲ್ಲಿ ಇಟ್ಟ ಮೀನು ಎಷ್ಟು ಕೆಟ್ಟಿದೆ ಎಂದು ನೋಡಬೇಕಿದ್ದರೆ? ಎಸ್‌ಡಿಎಸ್‌ಗೆ ಇವತ್ತು ಬಂದ ಬಂಗುಡೆಗೂ ತಿಂಗಳುಗಟ್ಟಲೆ ಹೆಪ್ಪುಗಟ್ಟಿದ್ದ ಬಂಗುಡೆಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ.

ಹಾಗಾಗಿ ಯಾವ ಪ್ರೊಟೀನ್ ಬೇಕು, ಯಾವ ಸ್ಥಿತಿಯಲ್ಲಿ ಬೇಕು ಎಂದು ಮೊದಲು ತೀರ್ಮಾನಿಸಿ. ಆಮೇಲೆ ಬಫರ್. ಕೆಲವು ಸಲ ಒಂದು ವಿಧಾನದಲ್ಲಿ ಪ್ರೊಟೀನ್ ಕಡಿಮೆ ಬಂದದ್ದೇ ನಿಮಗೆ ಬೇಕಾದ ಮಾಹಿತಿ ಆಗಿರುತ್ತದೆ.

ಇಲ್ಲಿ ಉದಾಹರಣೆಗೆ ಬಂಗುಡೆಯನ್ನು ತೆಗೆದುಕೊಂಡಿದ್ದೇನೆ. ಕರಾವಳಿಯಲ್ಲಿ ಸುಲಭವಾಗಿ ಸಿಗುತ್ತದೆ. ಲ್ಯಾಬ್‌ನಲ್ಲಿ ತೊಂದರೆ ಕೊಡುವ ಎಲ್ಲ ಗುಣಗಳೂ ಅದರಲ್ಲಿವೆ: ಎಣ್ಣೆ, ಕೆಂಪು ಮಾಂಸ, ಚುರುಕಾದ ಕಿಣ್ವಗಳು. ಬಂಗುಡೆಯಲ್ಲಿ ಕೈ ಪಳಗಿದರೆ ರೋಹು, ಕಾಟ್ಲಾ ಕಷ್ಟವೇ ಅಲ್ಲ.

ಮಾಂಸದಲ್ಲಿ ಇರುವುದು ಮೂರು ಬಗೆ

ಮೀನಿನ ಮಾಂಸದ ಹಸಿ ತೂಕದಲ್ಲಿ ಸುಮಾರು 16ರಿಂದ 20% ಪ್ರೊಟೀನ್. ಅದು ಮೂರು ಗುಂಪಾಗಿ ನಿಲ್ಲುತ್ತದೆ.

ಮೊದಲನೆಯದು ಸಾರ್ಕೋಪ್ಲಾಸ್ಮಿಕ್ ಪ್ರೊಟೀನ್. ಜೀವಕೋಶದ ರಸದಲ್ಲಿ ಇರುವ ಕಿಣ್ವಗಳು, ಮಯೋಗ್ಲೋಬಿನ್, ಪಾರ್ವಾಲ್ಬುಮಿನ್ ಎಲ್ಲ ಇದರಲ್ಲಿ ಬರುತ್ತವೆ. ನೀರಿಗೆ ಅಥವಾ ತೀರಾ ತೆಳು ಉಪ್ಪಿನ ಬಫರ್‌ಗೆ ಕರಗುತ್ತವೆ. ಒಟ್ಟು ಪ್ರೊಟೀನ್‌ನ 20ರಿಂದ 30% ಇವು. ಕೆಂಪು ಮಾಂಸ ಜಾಸ್ತಿ ಇರುವ ಮೀನಿನಲ್ಲಿ ಇನ್ನೂ ಸ್ವಲ್ಪ ಮೇಲೆ ಹೋಗಬಹುದು.

ಎರಡನೆಯದು ಮಯೋಫೈಬ್ರಿಲ್ಲಾರ್, ಅಂದರೆ ಸ್ನಾಯುವಿನ ಎಳೆಗಳ ಪ್ರೊಟೀನ್. ಮಯೋಸಿನ್, ಆಕ್ಟಿನ್, ಟ್ರೊಪೊಮಯೋಸಿನ್ ಇತ್ಯಾದಿ. ಒಟ್ಟಿನಲ್ಲಿ 65ರಿಂದ 75%. ಇವನ್ನು ಬಿಡಿಸಲು ಗಟ್ಟಿ ಉಪ್ಪು ಬೇಕು.

ಮೂರನೆಯದು ಸ್ಟ್ರೋಮಾ, ಮುಖ್ಯವಾಗಿ ಕೊಲಾಜನ್. ಮೂಳೆ ಮೀನುಗಳಲ್ಲಿ ಇದು ಸುಮಾರು 3% ಮಾತ್ರ. ಶಾರ್ಕ್, ತೊರಕೆ ಜಾತಿಯಲ್ಲಿ 10%ವರೆಗೂ ಇರುತ್ತದೆ. ಉಪ್ಪಿಗೂ ಜಗ್ಗುವುದಿಲ್ಲ.

ಪ್ರತಿಯೊಂದು ವಿಧಾನವೂ ಈ ಮೂರರಲ್ಲಿ ಯಾವುದನ್ನು ಎಷ್ಟು ಹಿಡಿಯುತ್ತದೆ ಎಂಬುದರಲ್ಲೇ ಬೇರೆಯಾಗುವುದು.

ಮೀನು ಕೈಗೆ ಬಂದ ಕೂಡಲೇ

ಪ್ರಯೋಗ ಹಾಳಾಗುವುದು ಬಹಳ ಸಲ ಲ್ಯಾಬ್‌ಗೆ ಬರುವ ಮೊದಲೇ. ದಕ್ಕೆಯಲ್ಲಿ ಮೀನು ಕೊಳ್ಳುವಾಗ ಅದು ಎಷ್ಟು ಹೊತ್ತಿನ ಹಿಂದೆ ಹಿಡಿದದ್ದು, ಐಸ್‌ನಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿ ಬರೆದುಕೊಳ್ಳಿ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ. ಆ ಎರಡು ತಿಂಗಳಲ್ಲಿ ಮಾರುಕಟ್ಟೆಯಲ್ಲಿ ಕಾಣುವ ಮೀನು ನಾಡದೋಣಿಯದ್ದೋ, ಹೊರ ರಾಜ್ಯದಿಂದ ಬಂದದ್ದೋ, ಶೀತಲಗೃಹದಿಂದ ಹೊರಬಂದದ್ದೋ ಎಂದು ಖಚಿತ ಮಾಡಿಕೊಳ್ಳದೆ ಪ್ರಯೋಗಕ್ಕೆ ಇಳಿಯಬೇಡಿ. ಒಮ್ಮೆ ಹೆಪ್ಪುಗಟ್ಟಿ ಕರಗಿದ ಮೀನನ್ನು 'ತಾಜಾ' ಎಂದು ಬರೆದರೆ ಮುಂದಿನ ಅಂಕಿಗಳೆಲ್ಲ ಸುಳ್ಳಾಗುತ್ತವೆ.

ಮೀನನ್ನು ಪುಡಿ ಐಸ್‌ನಲ್ಲಿ ಮುಚ್ಚಿ ತನ್ನಿ. ಬಂದ ತಕ್ಷಣ ಹೊಟ್ಟೆ ತೆಗೆಯಿರಿ. ಕರುಳಿನ ಕಿಣ್ವಗಳು ಮಾಂಸಕ್ಕೆ ತಾಗಿದರೆ ಮಯೋಸಿನ್ ಚೂರಾಗಲು ಶುರುವಾಗುತ್ತದೆ. ಐಸ್‌ನಲ್ಲಿ ಇಟ್ಟರೂ ಇದು ಪೂರ್ತಿ ನಿಲ್ಲುವುದಿಲ್ಲ. ಮೀನು ತಣ್ಣನೆ ರಕ್ತದ ಪ್ರಾಣಿ, ಅದರ ಕಿಣ್ವಗಳಿಗೆ 4 ಡಿಗ್ರಿ ಅಂಥ ಚಳಿಯೇನಲ್ಲ.

ಬೆನ್ನಿನ ಭಾಗದ ಬಿಳಿ ಮಾಂಸವನ್ನಷ್ಟೇ ತೆಗೆಯಿರಿ. ಪಕ್ಕೆಯ ಉದ್ದಕ್ಕೆ ಓಡುವ ಕಪ್ಪು-ಕೆಂಪು ಪಟ್ಟಿಯನ್ನು ಚಾಕುವಿನಿಂದ ಪೂರ್ತಿ ಬಿಡಿಸಿ. ಅದರಲ್ಲಿ ಮಯೋಗ್ಲೋಬಿನ್ ಮತ್ತು ಕೊಬ್ಬು ತುಂಬಿರುತ್ತವೆ. ಒಂದು ಮೀನಿನಲ್ಲಿ ಅದು ಸೇರಿ, ಇನ್ನೊಂದರಲ್ಲಿ ಸೇರದೆ ಹೋದರೆ ನೀವು ಹೋಲಿಸುತ್ತಿರುವುದು ವಿಧಾನಗಳನ್ನಲ್ಲ, ಚಾಕುವಿನ ಕೈಚಳಕವನ್ನು. ಚರ್ಮವನ್ನೂ ಪೂರ್ತಿ ತೆಗೆದುಹಾಕಿ, ಅದರ ಕೊಲಾಜನ್ ಸ್ಟ್ರೋಮಾದ ಲೆಕ್ಕವನ್ನು ಏರಿಸುತ್ತದೆ.

ಅದೇ ದಿನ ಕೆಲಸ ಮಾಡಲಾಗದಿದ್ದರೆ ಸಣ್ಣ ತುಂಡು ಮಾಡಿ ದ್ರವ ಸಾರಜನಕದಲ್ಲಿ ಅದ್ದಿ ಮೈನಸ್ 80ರಲ್ಲಿ ಇಡಿ. ಮೈನಸ್ 20ರ ಸಾಮಾನ್ಯ ಫ್ರೀಜರ್ ನಂಬಿಕೆಗೆ ಅರ್ಹವಲ್ಲ. ಅಲ್ಲಿ ನಿಧಾನವಾಗಿ ಐಸ್ ಹರಳು ಬೆಳೆಯುತ್ತದೆ, ಮಯೋಸಿನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ವಾರಗಳು ಕಳೆದಂತೆ ಉಪ್ಪಿಗೆ ಕರಗುವ ಪಾಲು ಇಳಿಯುತ್ತಾ ಹೋಗುತ್ತದೆ.

ಹೋಲಿಕೆಯ ನಕ್ಷೆ

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಬಹಳ ಜನ ಹಾರಿಸಿಬಿಡುವ ಜಾಗ ಇದು.

ಕನಿಷ್ಠ ಮೂರು ಮೀನು ತೆಗೆದುಕೊಳ್ಳಿ. ಪ್ರತಿ ಮೀನಿನ ಮಾಂಸವನ್ನು ಬೇರೆ ಬೇರೆಯಾಗಿ ಕೊಚ್ಚಿ. ಒಂದೊಂದು ಮೀನಿನ ಕೊಚ್ಚಿದ ಮಾಂಸವೂ ಎಲ್ಲ ವಿಧಾನಗಳಿಗೆ ಹಂಚಿಕೆಯಾಗಬೇಕು. ಮೂರು ಮೀನನ್ನು ಬೆರೆಸಿ ಒಂದೇ ಮುದ್ದೆ ಮಾಡಿ, ಅದರಿಂದ ಮೂರು ಸಲ ತೆಗೆದು 'ಮೂರು ಮಾದರಿ' ಎಂದು ಬರೆಯುವ ಅಭ್ಯಾಸ ಇದೆ. ಅದು ನಿಮ್ಮ ಪಿಪೆಟ್‌ನ ನಿಖರತೆಯನ್ನು ಹೇಳುತ್ತದೆ ಅಷ್ಟೇ, ಮೀನಿಂದ ಮೀನಿಗೆ ಇರುವ ವ್ಯತ್ಯಾಸ ಕಾಣುವುದೇ ಇಲ್ಲ.

ವಿಧಾನಗಳ ಸರದಿಯನ್ನೂ ಬದಲಿಸಿ. ಮೊದಲ ಮೀನಿಗೆ ಉಪ್ಪಿನ ವಿಧಾನದಿಂದ ಶುರು ಮಾಡಿದರೆ, ಎರಡನೆಯದಕ್ಕೆ ಎಸ್‌ಡಿಎಸ್‌ನಿಂದ. ಇಲ್ಲದಿದ್ದರೆ ಪ್ರತಿ ಸಲವೂ ಒಂದು ವಿಧಾನಕ್ಕೆ ಬೆಳಗಿನ ತಾಜಾ ಮಾಂಸ, ಇನ್ನೊಂದಕ್ಕೆ ಸಂಜೆಯ ಸೊರಗಿದ ಮಾಂಸ ಸಿಗುತ್ತದೆ.

ಅದೇ ಮಾಂಸದಿಂದ ಸ್ವಲ್ಪ ತೆಗೆದು ಎರಡು ಮೂಲ ಅಂಕಿಗಳನ್ನು ಪಡೆಯಿರಿ. ಒಂದು ತೇವಾಂಶ, 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಇನ್ನೊಂದು ಜೆಲ್ಡಾಲ್ ವಿಧಾನದಿಂದ ಅಳೆದ ಒಟ್ಟು ಸಾರಜನಕ, ಅದನ್ನು 6.25ರಿಂದ ಗುಣಿಸಿದರೆ ಕಚ್ಚಾ ಪ್ರೊಟೀನ್. ಮೀನಿನ ಸಾರಜನಕವೆಲ್ಲ ಪ್ರೊಟೀನ್‌ನದ್ದಲ್ಲ ಎಂಬುದು ನೆನಪಿರಲಿ. ಮೂಳೆ ಮೀನಿನಲ್ಲಿ 9ರಿಂದ 18% ಸಾರಜನಕ ಟಿಎಂಎಒ (ಟ್ರೈಮಿಥೈಲಮೈನ್ ಆಕ್ಸೈಡ್), ಬಿಡಿ ಅಮೈನೊ ಆಮ್ಲ ಮುಂತಾದವುಗಳದ್ದು. ಬಂಗುಡೆಯಂಥ ಮೀನಿನಲ್ಲಿ ಬಿಡಿ ಹಿಸ್ಟಿಡಿನ್ ಬೇಕಾದಷ್ಟಿರುತ್ತದೆ. ಶಾರ್ಕ್ ಮಾಂಸದಲ್ಲಿ ಯೂರಿಯಾ ಸೇರಿ ಈ ಪಾಲು ಮೂರನೇ ಒಂದನ್ನು ದಾಟುತ್ತದೆ. ಅದಕ್ಕೇ ಟಿಸಿಎ (ಟ್ರೈಕ್ಲೋರೊಅಸಿಟಿಕ್ ಆಮ್ಲ) ಹಾಕಿ ಪ್ರೊಟೀನ್ ಅನ್ನು ಗಸಿಯಾಗಿ ಕೆಳಗೆ ಇಳಿಸಿ, ಮೇಲೆ ಉಳಿದ ಸಾರಜನಕವನ್ನು ಕಳೆಯಬೇಕು.

ಅರೆಯುವುದು

2 ಗ್ರಾಂ ಮಾಂಸಕ್ಕೆ 20 ಮಿಲಿ ಬಫರ್, ಅಂದರೆ ಒಂದಕ್ಕೆ ಹತ್ತು. ಟ್ಯೂಬ್ ಐಸ್‌ನಲ್ಲಿ ಕೂತಿರಲಿ. ಹೋಮೊಜನೈಜರ್ 10,000 ಆರ್‌ಪಿಎಂ ಸುತ್ತಮುತ್ತ, 30 ಸೆಕೆಂಡ್ ಓಡಿಸಿ ಒಂದು ನಿಮಿಷ ಬಿಡಿ. ಹೀಗೆ ಮೂರು ಸಲ. ಬ್ಲೇಡಿನ ತುದಿ ದ್ರವದೊಳಗೇ ಇರಬೇಕು. ಮೇಲೆ ಬಂದರೆ ನೊರೆ ಏಳುತ್ತದೆ, ನೊರೆಯಲ್ಲಿ ಸಿಕ್ಕ ಪ್ರೊಟೀನ್ ಬಿಚ್ಚಿಕೊಂಡು ಕೆಡುತ್ತದೆ.

ಹೋಮೊಜನೈಜರ್ ಇಲ್ಲದ ಕಾಲೇಜುಗಳಲ್ಲಿ ದ್ರವ ಸಾರಜನಕ ಹಾಕಿ ಕಲ್ಲುಗುಂಡಿನಲ್ಲಿ ಪುಡಿ ಮಾಡುವುದು ಒಳ್ಳೆಯ ದಾರಿ. ಮಿಕ್ಸಿ ಬಳಸುವವರೂ ಇದ್ದಾರೆ. ಬಿಸಿಯಾಗುತ್ತದೆ, ಅದೇ ತೊಂದರೆ.

ಅರೆಯುವ ಮೊದಲು ಪ್ರೊಟಿಯೇಸ್ ತಡೆಗಳನ್ನು ಸೇರಿಸಿ. ಕಡಿಮೆ ಖರ್ಚಿನಲ್ಲಿ ಆಗಬೇಕಿದ್ದರೆ ಪಿಎಂಎಸ್‌ಎಫ್ 1 ಮಿಲಿಮೋಲಾರ್ ಮತ್ತು ಇಡಿಟಿಎ 1ರಿಂದ 5 ಮಿಲಿಮೋಲಾರ್. ಪಿಎಂಎಸ್‌ಎಫ್ 17.4 ಮಿಲಿಗ್ರಾಂ ತೂಗಿ 1 ಮಿಲಿ ಐಸೊಪ್ರೊಪನಾಲ್‌ನಲ್ಲಿ ಕರಗಿಸಿದರೆ 100 ಮಿಲಿಮೋಲಾರ್ ಆಗುತ್ತದೆ. ಪ್ರತಿ ಮಿಲಿ ಬಫರ್‌ಗೆ ಅದರ 10 ಮೈಕ್ರೋಲೀಟರ್. ಇದು ನೀರಿನಲ್ಲಿ ಬೇಗ ಸಾಯುತ್ತದೆ. ಪಿಎಚ್ 7.5, 25 ಡಿಗ್ರಿಯಲ್ಲಿ ಒಂದು ಗಂಟೆಯೊಳಗೆ ಅರ್ಧ ಹೋಗಿಬಿಡುತ್ತದೆ. ಬೆಳಿಗ್ಗೆಯೇ ಬಫರ್‌ಗೆ ಹಾಕಿಟ್ಟು ಮಧ್ಯಾಹ್ನ ಬಳಸಿದರೆ ಸುಮ್ನೆ ವಿಷ ಸೇರಿಸಿದಂತೆ. ಕೈಗವಸು ಮರೆಯಬೇಡಿ.

ವಿಧಾನ 1: ಹಂತ ಹಂತವಾಗಿ ಬಿಡಿಸುವುದು

ನನ್ನನ್ನು ಕೇಳಿದರೆ ಮೀನಿನ ಪ್ರೊಟೀನ್ ಕಲಿಯುವವರು ಮೊದಲು ಮಾಡಬೇಕಾದದ್ದು ಇದೇ. 1979ರಲ್ಲಿ ಜಪಾನಿನ ಹಶಿಮೊಟೊ ಮತ್ತು ಸಂಗಡಿಗರು ಸಾರ್ಡೀನ್ ಮತ್ತು ಮ್ಯಾಕರೆಲ್ ಮೀನುಗಳ ಮೇಲೆ ಬಳಸಿದ ಕ್ರಮ. ಬೂತಾಯಿ, ಬಂಗುಡೆಯ ಬಂಧುಗಳು ತಾನೇ, ನಮಗೆ ನೇರವಾಗಿ ಹೊಂದುತ್ತದೆ.

ಬಫರ್ ಎ: ಒಂದು ಲೀಟರಿಗೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 15.6 ಮಿಲಿಮೋಲ್ (ನಿರ್ಜಲ ರೂಪ 2.21 ಗ್ರಾಂ), ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 3.5 ಮಿಲಿಮೋಲ್ (0.48 ಗ್ರಾಂ), ಪಿಎಚ್ 7.5. ಅಯಾನಿಕ್ ಬಲ (ದ್ರಾವಣದಲ್ಲಿ ಎಷ್ಟು ಉಪ್ಪಿದೆ ಎಂಬುದರ ಅಳತೆ) 0.05.

ಬಫರ್ ಬಿ: ಅದೇ ಬಫರ್, ಜೊತೆಗೆ 0.45 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ (33.5 ಗ್ರಾಂ). ಅಯಾನಿಕ್ ಬಲ 0.5.

1. ಮಾಂಸವನ್ನು ಬಫರ್ ಎ ಜೊತೆ ಅರೆಯಿರಿ. ಅರೆದ ಮೇಲೆ ಪಿಎಚ್ ನೋಡಿ. ಈ ಬಫರ್ ತೆಳು, ಸತ್ತ ಬಂಗುಡೆಯ ಮಾಂಸ ಆಮ್ಲೀಯ, ಮೇಲಾಗಿ ಹಿಸ್ಟಿಡಿನ್ ತಾನೇ ಬಫರ್‌ನಂತೆ ವರ್ತಿಸುತ್ತದೆ. ಪಿಎಚ್ ಕೆಳಗೆ ಜಾರಿರುತ್ತದೆ. ತೆಳು ಸೋಡಿಯಂ ಹೈಡ್ರಾಕ್ಸೈಡ್ ಹನಿ ಹನಿಯಾಗಿ ಹಾಕಿ 7.5ಕ್ಕೆ ತನ್ನಿ.

2. 4 ಡಿಗ್ರಿಯಲ್ಲಿ 10,000 ಜಿ, 15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಆರ್‌ಪಿಎಂ ಅಲ್ಲ, ಜಿ, ಅಂದರೆ ಗುರುತ್ವದ ಎಷ್ಟು ಪಟ್ಟು ಬಲ ಎಂಬುದು. ರೋಟರ್ ತ್ರಿಜ್ಯವನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು, ಆರ್‌ಪಿಎಂ ವರ್ಗದಿಂದ ಗುಣಿಸಿ, ಮತ್ತೆ 0.00001118ರಿಂದ ಗುಣಿಸಿದರೆ ಜಿ ಸಿಗುತ್ತದೆ. 8 ಸೆಂಟಿಮೀಟರ್ ರೋಟರ್ 10,000 ಆರ್‌ಪಿಎಂನಲ್ಲಿ ಸುಮಾರು 8,940 ಜಿ ಕೊಡುತ್ತದೆ.

3. ಮೇಲೆ ತೇಲುವ ಎಣ್ಣೆ ಪದರವನ್ನು ಬಿಟ್ಟು, ಕೆಳಗಿನ ತಿಳಿಯನ್ನು ಪಿಪೆಟ್‌ನಿಂದ ತೆಗೆಯಿರಿ. ಮಳೆಗಾಲದ ನಂತರದ ಬೂತಾಯಿಯಲ್ಲಿ ಈ ಪದರ ದಪ್ಪಗೆ ಕಾಣುತ್ತದೆ. ಪೆಲ್ಲೆಟ್‌ಗೆ (ತಳದಲ್ಲಿ ಕೂತ ಗಟ್ಟಿ ಭಾಗಕ್ಕೆ) ಮತ್ತೆ 20 ಮಿಲಿ ಬಫರ್ ಎ ಹಾಕಿ ಇನ್ನೊಮ್ಮೆ ಮಾಡಿ. ಎರಡೂ ತಿಳಿ ಸೇರಿಸಿ ಅಳತೆ ಸಿಲಿಂಡರಿನಲ್ಲಿ ಗಾತ್ರ ನೋಡಿ ಬರೆಯಿರಿ. ಇದರ ಒಂದು ಭಾಗಕ್ಕೆ 50% ಟಿಸಿಎಯನ್ನು ಒಂಬತ್ತಕ್ಕೆ ಒಂದರಂತೆ ಹಾಕಿದರೆ ಕೊನೆಗೆ 5% ಆಗುತ್ತದೆ. ಕೆಳಗೆ ಕೂತದ್ದು ಸಾರ್ಕೋಪ್ಲಾಸ್ಮಿಕ್ ಪ್ರೊಟೀನ್, ಮೇಲಿನದ್ದು ಪ್ರೊಟೀನ್ ಅಲ್ಲದ ಸಾರಜನಕ.

4. ಉಳಿದ ಪೆಲ್ಲೆಟ್‌ಗೆ ಬಫರ್ ಬಿ 20 ಮಿಲಿ. ಅರೆದು, ತಣ್ಣಗೆ ಇಟ್ಟು ನಿಧಾನವಾಗಿ ಕದಡಿ, ಮತ್ತೆ ಸೆಂಟ್ರಿಫ್ಯೂಜ್. ಇದನ್ನೂ ಎರಡು ಸಲ. ದ್ರವ ಲೋಳೆಯಂತೆ ಎಳೆ ಎಳೆಯಾಗಿ ಬಂದರೆ ಮಯೋಸಿನ್ ಬಿಟ್ಟುಕೊಂಡಿದೆ ಎಂದು ಖುಷಿಪಡಿ. ಪಿಪೆಟ್ ಮಾತ್ರ ಗಾತ್ರ ತಪ್ಪು ಎಳೆಯುತ್ತದೆ. ತುದಿ ಕತ್ತರಿಸಿದ ಟಿಪ್ ಬಳಸಿ, ನಿಧಾನ ಎಳೆಯಿರಿ.

5. ಇನ್ನೂ ಉಳಿದ ಪೆಲ್ಲೆಟ್‌ಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ರಾತ್ರಿಯಿಡೀ ತಣ್ಣಗೆ ಕದಡಿ. ಕರಗಿದ್ದು ಕ್ಷಾರಕ್ಕೆ ಕರಗುವ ಪಾಲು, ಅಂದರೆ ಉಪ್ಪಿಗೆ ಬಾರದೆ ಕೆಟ್ಟುಹೋಗಿದ್ದ ಮಯೋಫೈಬ್ರಿಲ್ಲಾರ್ ಪ್ರೊಟೀನ್. ಕೊನೆಗೂ ಉಳಿದದ್ದು ಸ್ಟ್ರೋಮಾ.

ಈ ಐದನೇ ಹಂತವನ್ನು ಬಿಡುವವರು ಜಾಸ್ತಿ. ಬಿಡಬೇಡಿ. ತಾಜಾ ಮೀನಿನಲ್ಲಿ ಕ್ಷಾರದ ಪಾಲು ಸಣ್ಣದು. ಮೈನಸ್ 20ರಲ್ಲಿ ದಿನ ಕಳೆದಂತೆ ಉಪ್ಪಿನ ಪಾಲು ಇಳಿದು ಇದು ಏರುತ್ತದೆ. ಕಾಡ್ ಜಾತಿಯ ಮೀನುಗಳಲ್ಲಂತೂ ಟಿಎಂಎಒ ಒಡೆದು ಫಾರ್ಮಾಲ್ಡಿಹೈಡ್ ಹುಟ್ಟಿ ಪ್ರೊಟೀನ್‌ಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಮೀನು ಕೆಟ್ಟ ಕಥೆಯನ್ನು ಹೇಳುವುದು ಈ ಎರಡು ಪಾಲುಗಳ ಅದಲುಬದಲು.

ಬಫರ್ ಎ ಬದಲು ಬರೀ ಡಿಸ್ಟಿಲ್ಡ್ ವಾಟರ್ ಸಾಕಲ್ವಾ ಎಂದು ಕೇಳುತ್ತಾರೆ. ಒಂದು ಸಲಕ್ಕೆ ನಡೆಯುತ್ತದೆ. ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ತೊಳೆದರೆ ಮಾಂಸ ನೀರು ಕುಡಿದು ಉಬ್ಬುತ್ತದೆ, ಪೆಲ್ಲೆಟ್ ಗಟ್ಟಿಯಾಗಿ ಕೂರುವುದಿಲ್ಲ, ಮಯೋಫೈಬ್ರಿಲ್ಲಾರ್ ಪ್ರೊಟೀನ್‌ನ ಒಂದಿಷ್ಟು ತಿಳಿಯ ಜೊತೆ ಜಾರುತ್ತದೆ. ಸುರಿಮಿ (ತೊಳೆದ ಮೀನು ಮಾಂಸದ ಮುದ್ದೆ) ಕಾರ್ಖಾನೆಯಲ್ಲಿ ಕೊನೆಯ ತೊಳೆತಕ್ಕೆ ಚೂರು ಉಪ್ಪು ಹಾಕುವುದೂ ಇದೇ ಕಾರಣಕ್ಕೆ.

ವಿಧಾನ 2: ಒಂದೇ ಸಲಕ್ಕೆ ಉಪ್ಪು

1950ರಲ್ಲಿ ಕೆನಡಾದ ಡಯರ್ ಮತ್ತು ಸಂಗಡಿಗರು ಮೀನಿನ ಪ್ರೊಟೀನ್‌ಗೆ ಬಳಸಿದ ದಾರಿ: 5% ಉಪ್ಪು, ಪಿಎಚ್ 7ರ ಮೇಲೆ ಇರಲು ಸ್ವಲ್ಪ ಬೈಕಾರ್ಬೊನೇಟ್. ಲೀಟರಿಗೆ 50 ಗ್ರಾಂ ಸೋಡಿಯಂ ಕ್ಲೋರೈಡ್, 1.68 ಗ್ರಾಂ ಸೋಡಿಯಂ ಬೈಕಾರ್ಬೊನೇಟ್. ಮಾಂಸದ ಇಪ್ಪತ್ತು ಪಾಲು ದ್ರವ, ಅರೆಯಿರಿ, ಸೆಂಟ್ರಿಫ್ಯೂಜ್ ಮಾಡಿ, ಮುಗಿಯಿತು. ನೀರಿಗೆ ಕರಗುವುದೂ ಉಪ್ಪಿಗೆ ಕರಗುವುದೂ ಒಟ್ಟಿಗೆ ಬರುತ್ತವೆ. ದಿನಕ್ಕೆ ಇಪ್ಪತ್ತು ಮಾದರಿ ನೋಡಬೇಕಾದ ಶೇಖರಣಾ ಅಧ್ಯಯನಕ್ಕೆ ಇದಕ್ಕಿಂತ ಅಗ್ಗದ್ದು, ಬೇಗದ್ದು ಇಲ್ಲ. ಯಾವ ಪ್ರೊಟೀನ್ ಇಳಿಯಿತು ಎಂದು ಇದೊಂದರಿಂದ ಹೇಳಲು ಆಗುವುದಿಲ್ಲ, ಅಷ್ಟೇ.

ವಿಧಾನ 3: ಎಸ್‌ಡಿಎಸ್‌ನಲ್ಲಿ ಬೇಯಿಸುವುದು

3 ಗ್ರಾಂ ಮಾಂಸಕ್ಕೆ 85 ಡಿಗ್ರಿಗೆ ಕಾಯಿಸಿದ 5% ಎಸ್‌ಡಿಎಸ್ ದ್ರಾವಣ 27 ಮಿಲಿ. ಅರೆದು, 85 ಡಿಗ್ರಿಯ ನೀರಿನ ಸ್ನಾನದಲ್ಲಿ ಒಂದು ಗಂಟೆ. ಆಮೇಲೆ ಸೆಂಟ್ರಿಫ್ಯೂಜ್, ಆದರೆ ಕೋಣೆಯ ತಾಪದಲ್ಲಿ. ಅಭ್ಯಾಸಬಲದಿಂದ 4 ಡಿಗ್ರಿಗೆ ಇಟ್ಟರೆ ಎಸ್‌ಡಿಎಸ್ ಬೆಳ್ಳಗೆ ಹರಳುಗಟ್ಟಿ ಕೂರುತ್ತದೆ.

ಈ ಬಿಸಿಗೆ ಕೊಲಾಜನ್ ಕೂಡ ಜೆಲಟಿನ್ ಆಗಿ ಕರಗಿ ಬರುತ್ತದೆ. ಕಿಣ್ವಗಳು ಕ್ಷಣದಲ್ಲಿ ನಿಂತುಹೋಗುವುದರಿಂದ ಪ್ರೊಟೀನ್ ಚೂರಾಗುವ ಭಯವೂ ಕಡಿಮೆ. ಜೆಲ್ ಓಡಿಸುವುದೊಂದೇ (ವಿದ್ಯುತ್ತಿನಿಂದ ಪ್ರೊಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವುದು) ಗುರಿಯಾಗಿದ್ದರೆ ಸುತ್ತಿ ಬಳಸಿ ಹೋಗಬೇಡಿ, ಇದನ್ನೇ ಮಾಡಿ. ಎಸ್‌ಡಿಎಸ್‌ಗೂ ಕರಗದೆ ಉಳಿದದ್ದು ಗಣನೀಯವಾಗಿದ್ದರೆ, 8 ಮೋಲಾರ್ ಯೂರಿಯಾ, 2% ಎಸ್‌ಡಿಎಸ್, 2% ಬೀಟಾ ಮರ್ಕ್ಯಾಪ್ಟೊಎಥನಾಲ್ ಇರುವ ಬಫರ್‌ನಲ್ಲಿ ಇನ್ನೊಂದು ಮಾದರಿ ಮಾಡಿ ನೋಡಿ. ಎರಡರ ನಡುವಿನ ಅಂತರ ಡೈಸಲ್ಫೈಡ್ ಬಂಧಗಳ ಸುಳಿವು ಕೊಡುತ್ತದೆ.

ವಿಧಾನ 4: ಟಿಸಿಎ-ಅಸಿಟೋನ್, ಆಮೇಲೆ ಯೂರಿಯಾ-ಥಯೋಯೂರಿಯಾ

ಎರಡು ಆಯಾಮದ ಜೆಲ್ ಅಥವಾ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಹೋಗುವವರ ದಾರಿ. ಅಲ್ಲಿ ಪ್ರಮಾಣಕ್ಕಿಂತ ಶುದ್ಧತೆ ಮುಖ್ಯ. ಉಪ್ಪು, ಕೊಬ್ಬು ಉಳಿದರೆ ಮೊದಲ ಆಯಾಮದಲ್ಲೇ ಗೆರೆ ಗೆರೆಯಾಗಿ ಹಾಳಾಗುತ್ತದೆ.

ದ್ರವ ಸಾರಜನಕದಲ್ಲಿ ಪುಡಿ ಮಾಡಿದ ಮಾಂಸಕ್ಕೆ, ಮೈನಸ್ 20ರಷ್ಟು ತಣ್ಣನೆಯ ಅಸಿಟೋನ್‌ನಲ್ಲಿ 10% ಟಿಸಿಎ ಮತ್ತು 20 ಮಿಲಿಮೋಲಾರ್ ಡಿಟಿಟಿ (ಡೈಸಲ್ಫೈಡ್ ಬಂಧ ಒಡೆಯುವ ರಾಸಾಯನಿಕ) ಇರುವ ದ್ರಾವಣ ಹಾಕಿ ಮೈನಸ್ 20ರಲ್ಲಿ ರಾತ್ರಿಯಿಡೀ ಇಡಿ. ಸೆಂಟ್ರಿಫ್ಯೂಜ್ ಮಾಡಿ, ಡಿಟಿಟಿ ಇರುವ ತಣ್ಣನೆಯ ಅಸಿಟೋನ್‌ನಲ್ಲಿ ಮೂರು ಸಲ ತೊಳೆಯಿರಿ. ಬಂಗುಡೆಯ ಕೊಬ್ಬು ಇಲ್ಲಿ ಚೆನ್ನಾಗಿ ಹೋಗುತ್ತದೆ. ಪೆಲ್ಲೆಟ್ ಆರಲಿ, ಪೂರ್ತಿ ಒಣಗಿ ಕಲ್ಲಾಗಬಾರದು. ಒಣಗಿತೋ, ಮತ್ತೆ ಕರಗಿಸುವುದು ಕಷ್ಟ. ನಂತರ 7 ಮೋಲಾರ್ ಯೂರಿಯಾ, 2 ಮೋಲಾರ್ ಥಯೋಯೂರಿಯಾ, 4% ಚಾಪ್ಸ್ (ಸೌಮ್ಯ ಡಿಟರ್ಜೆಂಟ್) ಇರುವ ಬಫರ್‌ನಲ್ಲಿ ಕರಗಿಸಿ. 37 ಡಿಗ್ರಿ ದಾಟಿಸಬೇಡಿ. ಯೂರಿಯಾ ಬಿಸಿಯಾದರೆ ಸಯನೇಟ್ ಹುಟ್ಟಿ ಪ್ರೊಟೀನ್‌ಗೆ ಅಂಟಿಕೊಳ್ಳುತ್ತದೆ, ಒಂದೇ ಪ್ರೊಟೀನ್ ಸಾಲು ಚುಕ್ಕೆಗಳಾಗಿ ಕಾಣುತ್ತದೆ.

ಅಸಿಟೋನ್ ಬಾಟಲಿಯನ್ನು ಮನೆಯಲ್ಲಿ ಬಳಸುವಂಥ ಫ್ರಿಜ್‌ನಲ್ಲಿ ಇಡುವುದು ಅಪಾಯ. ಒಳಗಿನ ಥರ್ಮೋಸ್ಟಾಟ್ ಕಿಡಿಗೆ ಆವಿ ಹೊತ್ತಿಕೊಳ್ಳಬಹುದು. ಕಿಡಿರಹಿತ ಫ್ರೀಜರ್ ಇಲ್ಲದಿದ್ದರೆ ಈ ವಿಧಾನವನ್ನು ಬೇರೆ ಲ್ಯಾಬ್‌ನಲ್ಲಿ ಮಾಡಿ.

ವಿಧಾನ 5: ಪಿಎಚ್ ಏರಿಳಿತ

ಇದು ಅಳತೆಗಿಂತ ತಯಾರಿಕೆಯ ವಿಧಾನ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಹಲ್ಟಿನ್ ಮತ್ತು ಕೆಲ್ಲೆಹರ್ ಬೆಳೆಸಿದ್ದು. ಕೊಚ್ಚಿದ ಮಾಂಸಕ್ಕೆ ಒಂಬತ್ತು ಪಾಲು ಐಸ್ ನೀರು, 2 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 11ಕ್ಕೆ ಏರಿಸಿ, ಅಥವಾ ಹೈಡ್ರೋಕ್ಲೋರಿಕ್ ಆಮ್ಲದಿಂದ 2.5ಕ್ಕೆ ಇಳಿಸಿ. 10,000 ಜಿಯಲ್ಲಿ 20 ನಿಮಿಷ. ಮೂರು ಪದರ ಕಾಣುತ್ತದೆ: ಮೇಲೆ ಕೊಬ್ಬು, ನಡುವೆ ಪ್ರೊಟೀನ್ ದ್ರಾವಣ, ಕೆಳಗೆ ಚರ್ಮ-ಮೂಳೆ-ಪೊರೆಗಳ ಗಸಿ. ನಡುವಿನದ್ದನ್ನು ತೆಗೆದು ಪಿಎಚ್ 5.5ಕ್ಕೆ ತಂದರೆ ಪ್ರೊಟೀನ್ ಮೊಸರಿನಂತೆ ಒಡೆದು ಕೂರುತ್ತದೆ. ಸಾರ್ಕೋಪ್ಲಾಸ್ಮಿಕ್ ಪ್ರೊಟೀನ್‌ನ ಒಂದು ಭಾಗವೂ ಜೊತೆಗೇ ಇಳಿಯುತ್ತದೆ. ಸುರಿಮಿ ತೊಳೆತದಲ್ಲಿ ಅದು ಚರಂಡಿಗೆ ಹೋಗುತ್ತಿತ್ತು.

ಬಂಗುಡೆಗೆ ಕ್ಷಾರದ ಕಡೆಯೇ ವಾಸಿ. ಆಮ್ಲದಲ್ಲಿ ಹಿಮೋಗ್ಲೋಬಿನ್ ಬಿಚ್ಚಿಕೊಂಡು ಕೊಬ್ಬನ್ನು ಬೇಗ ಕಮಟು ಹಿಡಿಸುತ್ತದೆ, ಪ್ರೊಟೀನ್ ಕಡಿಯುವ ಕೆಥೆಪ್ಸಿನ್ ಕಿಣ್ವಗಳಿಗೂ ಆಮ್ಲ ಇಷ್ಟ. ಕ್ಷಾರದಲ್ಲಿ ಮಾತ್ರ ತಣ್ಣಗೆ, ಬೇಗ ಮುಗಿಸಬೇಕು.

ರಿಪಾ ಬಫರ್ (ಜೀವಕೋಶ ಒಡೆಯುವ ಡಿಟರ್ಜೆಂಟ್ ಬಫರ್), ರೆಡಿಮೇಡ್ ಕಿಟ್‌ಗಳ ಬಗ್ಗೆಯೂ ಕೇಳುತ್ತಾರೆ. ಅವು ಮುಖ್ಯವಾಗಿ ಕಲ್ಚರ್‌ ಮಾಡಿದ ಜೀವಕೋಶಗಳಿಗೆ, ಯಕೃತ್ತಿನಂಥ ಮೆದು ಅಂಗಗಳಿಗೆ ಹೊಂದುತ್ತವೆ. ಸ್ನಾಯುವಿನ ಮಯೋಸಿನ್ ಪೂರ್ತಿ ಬರಬೇಕಿದ್ದರೆ ಅವುಗಳ 150 ಮಿಲಿಮೋಲಾರ್ ಉಪ್ಪು ಸಾಲುವುದಿಲ್ಲ.

ಅಳೆಯುವಾಗ ಆಗುವ ಅನಾಹುತಗಳು

ಐದು ವಿಧಾನದ ಐದು ತಿಳಿಗಳನ್ನೂ ಸುಮ್ನೆ ಬ್ರಾಡ್‌ಫರ್ಡ್‌ಗೆ ಹಾಕಿ ಬಾರ್ ಚಾರ್ಟ್ ಬರೆದರೆ ಅದು ಹೋಲಿಕೆ ಅಲ್ಲ. ಬ್ರಾಡ್‌ಫರ್ಡ್, ಬಿಸಿಎ, ಲೋರಿ, ಬಯುರೆಟ್ ಇವೆಲ್ಲ ಬಣ್ಣ ನೋಡಿ ಪ್ರೊಟೀನ್ ಅಳೆಯುವ ಪರೀಕ್ಷೆಗಳು, ಬಫರ್ ಒಂದೊಂದು ಬಗೆಯಲ್ಲಿ ಆ ಬಣ್ಣವನ್ನು ಕೆಡಿಸುತ್ತದೆ.

ಬ್ರಾಡ್‌ಫರ್ಡ್ ಎಸ್‌ಡಿಎಸ್ ಸಹಿಸುವುದಿಲ್ಲ, 0.1% ಇದ್ದರೂ ಬಣ್ಣ ತಪ್ಪು. ಇನ್ನೊಂದು ಗುಟ್ಟು: ಅದಕ್ಕೆ ಕೊಲಾಜನ್, ಜೆಲಟಿನ್ ಸರಿಯಾಗಿ ಕಾಣುವುದೇ ಇಲ್ಲ. ಬಿಸಿಎ 5% ಎಸ್‌ಡಿಎಸ್ ಇದ್ದರೂ ತಡೆದುಕೊಳ್ಳುತ್ತದೆ. ಆದರೆ ಡಿಟಿಟಿ, ಬೀಟಾ ಮರ್ಕ್ಯಾಪ್ಟೊಎಥನಾಲ್, ಥಯೋಯೂರಿಯಾ ಇದ್ದರೆ ಪ್ರೊಟೀನ್ ಇಲ್ಲದ ಬ್ಲಾಂಕ್ ಕೂಡ ನೇರಳೆಯಾಗುತ್ತದೆ. ಲೋರಿಗೆ ಟ್ರಿಸ್, ಇಡಿಟಿಎ, ಪೊಟ್ಯಾಸಿಯಂ ಮೂರೂ ಆಗದು. ಬಯುರೆಟ್ ಉಪ್ಪಿನ ದ್ರಾವಣಕ್ಕೆ ಗಟ್ಟಿಮುಟ್ಟು, ಆದರೆ ಮಿಲಿಗೆ 1 ಮಿಲಿಗ್ರಾಂಗಿಂತ ಕೆಳಗೆ ಅದಕ್ಕೆ ಕಣ್ಣು ಮಂಜು. ಯೂರಿಯಾ ಬಫರ್‌ಗೆ ಜೆಲ್ಡಾಲ್ ಬಳಸುವ ಮಾತೇ ಬೇಡ, ಯೂರಿಯಾದಲ್ಲೇ ಸಾರಜನಕ ತುಂಬಿದೆ.

ನಾನು ಹೇಳುವ ದಾರಿ ಹೀಗೆ. ನೀರು ಮತ್ತು ಉಪ್ಪಿನ ತಿಳಿಗಳಿಂದ ಪ್ರೊಟೀನ್ ಅನ್ನು ಟಿಸಿಎಯಿಂದ ಇಳಿಸಿ, ತಣ್ಣನೆಯ ಅಸಿಟೋನ್‌ನಲ್ಲಿ ತೊಳೆಯಿರಿ. ಎಸ್‌ಡಿಎಸ್ ಮತ್ತು ಯೂರಿಯಾ ತಿಳಿಗಳಿಗೆ ನಾಲ್ಕು ಪಾಲು ತಣ್ಣನೆಯ ಅಸಿಟೋನ್ ಹಾಕಿ ಇಳಿಸಿ. ಎಲ್ಲ ಪೆಲ್ಲೆಟ್‌ಗಳನ್ನೂ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಮಾಡಿದ ಒಂದೇ 5% ಎಸ್‌ಡಿಎಸ್ ದ್ರಾವಣದಲ್ಲಿ ಕರಗಿಸಿ ಬಿಸಿಎ ಮಾಡಿ. ಬಿಎಸ್‌ಎ (ದನದ ರಕ್ತದ ಅಲ್ಬುಮಿನ್ ಪ್ರೊಟೀನ್) ಸ್ಟ್ಯಾಂಡರ್ಡ್ ಕೂಡ ಅದೇ ದ್ರಾವಣದಲ್ಲಿ. ಇಳಿಸುವಾಗ ಎಷ್ಟು ಕಳೆದುಹೋಗುತ್ತದೆ ಎಂದು ತಿಳಿಯಲು, ಪ್ರತಿ ಖಾಲಿ ಬಫರ್‌ಗೂ ಗೊತ್ತಿರುವಷ್ಟು ಬಿಎಸ್‌ಎ ಹಾಕಿ ಇದೇ ಹಾದಿಯಲ್ಲಿ ಒಯ್ಯಿರಿ. ಎಷ್ಟು ವಾಪಸ್ ಬಂತೋ ಅದರಿಂದ ಮಾದರಿಯ ಅಂಕಿಯನ್ನು ಸರಿಪಡಿಸಿ.

ಲೆಕ್ಕಕ್ಕೆ ಒಂದು ಕಲ್ಪಿತ ಉದಾಹರಣೆ: 2 ಗ್ರಾಂ ಮಾಂಸ, ಬಫರ್ ಎಯ ಎರಡು ತಿಳಿ ಸೇರಿ 41 ಮಿಲಿ, ಮಿಲಿಗೆ 2.5 ಮಿಲಿಗ್ರಾಂ. ಒಟ್ಟು 102.5 ಮಿಲಿಗ್ರಾಂ, ಅಂದರೆ ಗ್ರಾಂ ಮಾಂಸಕ್ಕೆ 51.25. ಅದೇ ಮಾಂಸದ ನಿಜವಾದ ಪ್ರೊಟೀನ್ ಗ್ರಾಂಗೆ 185 ಮಿಲಿಗ್ರಾಂ ಆಗಿದ್ದರೆ ಪಾಲು 27.7%. ಹಾಕಿದ ಬಫರ್ 40 ಮಿಲಿ, ಅಳೆದದ್ದು 41 ಎಂದು ಗಾಬರಿ ಬೇಡ. ಬಂಗುಡೆ ಮಾಂಸದಲ್ಲಿ ಮುಕ್ಕಾಲು ಪಾಲು ನೀರೇ, ಅದರಲ್ಲಿ ಒಂದಿಷ್ಟು ಹೊರಬರುತ್ತದೆ. ಹಾಕಿದ ಗಾತ್ರವನ್ನಲ್ಲ, ಅಳೆದ ಗಾತ್ರವನ್ನು ಬಳಸಿ.

ವಿಧಾನ 1ರ ಎಲ್ಲ ಪಾಲುಗಳು ಸೇರಿ 100ರ ಹತ್ತಿರ ಬರಬೇಕು. 70 ಬಂದರೆ ಎಲ್ಲೋ ಚೆಲ್ಲಿದೆ. 120 ಬಂದರೆ ಬಣ್ಣಕ್ಕೆ ಏನೋ ಅಡ್ಡ ಬಂದಿದೆ.

ಜೆಲ್‌ನಲ್ಲಿ ಕಣ್ಣಾರೆ ನೋಡಿ

ಅಂಕಿ ಎಷ್ಟು ಎಂದು ಹೇಳುತ್ತದೆ, ಯಾವುದು ಎಂದು ಹೇಳುವುದು ಜೆಲ್. 10ರಿಂದ 12% ಜೆಲ್, ಪ್ರತಿ ಬಾವಿಗೆ 15 ಮೈಕ್ರೋಗ್ರಾಂ. ಬಫರ್ ಬಿಯ ತಿಳಿಯನ್ನು ನೇರವಾಗಿ ಎಸ್‌ಡಿಎಸ್ ಸ್ಯಾಂಪಲ್ ಬಫರ್‌ಗೆ ಬೆರೆಸಿದರೆ ಟ್ಯೂಬ್ ತುಂಬ ಬಿಳಿ ಗಸಿ ಬರುತ್ತದೆ. ಅದು ಪ್ರೊಟೀನ್ ಅಲ್ಲ, ಪೊಟ್ಯಾಸಿಯಂ ಮತ್ತು ಎಸ್‌ಡಿಎಸ್ ಸೇರಿ ಆದ ಕರಗದ ಲವಣ. ಟಿಸಿಎ-ಅಸಿಟೋನ್‌ನಲ್ಲಿ ಉಪ್ಪು ತೊಳೆದು ಹಾಕಿ. ಇಲ್ಲವೇ ಮೊದಲಿಂದಲೇ ಪೊಟ್ಯಾಸಿಯಂ ಬದಲು ಸೋಡಿಯಂ ಲವಣಗಳಲ್ಲಿ ಬಫರ್ ಮಾಡಿಕೊಳ್ಳಿ: 0.45 ಮೋಲಾರ್‌ಗೆ 26.3 ಗ್ರಾಂ ಸೋಡಿಯಂ ಕ್ಲೋರೈಡ್, ಫಾಸ್ಫೇಟ್ ಕೂಡ ಸೋಡಿಯಂನದ್ದೇ.

ಉಪ್ಪಿನ ಸಾಲಿನಲ್ಲಿ 200 ಕಿಲೋಡಾಲ್ಟನ್ ಹತ್ತಿರ ಮಯೋಸಿನ್‌ನ ದಪ್ಪ ಪಟ್ಟಿ, 42ರ ಸುತ್ತ ಆಕ್ಟಿನ್, ಅದರ ಕೆಳಗೆ 35ರ ಆಸುಪಾಸು ಟ್ರೊಪೊಮಯೋಸಿನ್ ಕಾಣಬೇಕು. ನೀರಿನ ಸಾಲಿನಲ್ಲೂ 43ರ ಬಳಿ ಪಟ್ಟಿ ಕಂಡರೆ ಆಕ್ಟಿನ್ ಸೋರಿದೆ ಎಂದು ತಕ್ಷಣ ಬರೆಯಬೇಡಿ. ಕ್ರಿಯಾಟಿನ್ ಕೈನೇಸ್ ಕೂಡ ಅಲ್ಲೇ ಓಡುತ್ತದೆ. ಮೇಲೆ 200ರಲ್ಲಿ ಮಯೋಸಿನ್ ಇದೆಯೇ ನೋಡಿ. ಅದೂ ಇದ್ದರೆ ಸೋರಿಕೆ ನಿಜ. 200ರ ಪಟ್ಟಿ ತೆಳುವಾಗಿ, 100ರಿಂದ 150ರ ನಡುವೆ ಹೊಸ ಪಟ್ಟಿಗಳು ಹುಟ್ಟಿದ್ದರೆ ಕಿಣ್ವಗಳು ಮಯೋಸಿನ್ ಕಡಿದಿವೆ. ಆಗ ಆ ಮಾದರಿಯ ಇಳುವರಿಯ ಅಂಕಿ ಎಷ್ಟೇ ಚೆನ್ನಾಗಿದ್ದರೂ ಹೋಲಿಕೆಗೆ ಬಳಸಬೇಡಿ.

ಮೀನಿನ ಅಲರ್ಜಿಯ ಮೇಲೆ ಕೆಲಸ ಮಾಡುವವರಿಗೆ ಬೇಕಾದ ಪಾರ್ವಾಲ್ಬುಮಿನ್ 12 ಕಿಲೋಡಾಲ್ಟನ್ ಹತ್ತಿರ ಇರುತ್ತದೆ. 10% ಜೆಲ್‌ನಲ್ಲಿ ಅದು ಬಣ್ಣದ ಅಂಚಿನ ಜೊತೆಗೇ ಓಡಿಹೋಗುತ್ತದೆ, 15% ಜೆಲ್ ಹಾಕಿ. ಅದಕ್ಕೆ ದೊಡ್ಡ ವಿಧಾನವೂ ಬೇಡ. ಬಫರ್ ಎಯ ತಿಳಿ ಸಾಕು, ಬಿಸಿಗೂ ಅದು ತಡೆಯುವುದರಿಂದ ತಿಳಿಯನ್ನು ಕುದಿಸಿ ಉಳಿದವನ್ನು ಒಡೆಸಿ ತೆಗೆಯಬಹುದು.

ವರದಿ ಬರೆಯುವಾಗ ಮೀನು ಹಿಡಿದ ದಿನ, ಐಸ್‌ನಲ್ಲಿದ್ದ ಅವಧಿ, ಮಾಂಸದ ಭಾಗ, ಮಾಂಸಕ್ಕೂ ಬಫರ್‌ಗೂ ಇದ್ದ ಅನುಪಾತ, ಅರೆದ ಮೇಲಿನ ಪಿಎಚ್, ಜಿ ಮತ್ತು ನಿಮಿಷ, ಎಷ್ಟು ಸಲ ತೆಗೆದಿರಿ, ಯಾವ ಸ್ಟ್ಯಾಂಡರ್ಡ್‌ನಿಂದ ಅಳೆದಿರಿ ಇಷ್ಟೂ ಇರಲಿ. ತಿಳಿಗಳನ್ನು ಸಣ್ಣ ಸಣ್ಣ ಟ್ಯೂಬ್ ಮಾಡಿ ಮೈನಸ್ 80ರಲ್ಲಿ ಇಟ್ಟು, ಒಂದೇ ಸಲ ಕರಗಿಸಿ ಬಳಸಿ. ಪೆಲ್ಲೆಟ್ ಟ್ಯೂಬ್‌ಗಳನ್ನು ಕೆಲಸ ಮುಗಿಯಿತೆಂದು ಎಸೆಯಬೇಡಿ, ವೈವಾ ಮುಗಿಯುವವರೆಗಾದರೂ ಇರಲಿ. "ಉಳಿದ ಪ್ರೊಟೀನ್ ಎಲ್ಲಿ ಹೋಯಿತು?" ಎಂದು ಪರೀಕ್ಷಕರು ಕೇಳಿದರೆ ತೋರಿಸಲು ಇರುವುದು ಅದೇ.